ಏನನ್ನು ಕಳೆಯಬೇಕು, ಎಷ್ಟರವರೆಗೆ? ಅಮೆರಿಕದ ಫೆಡರಲ್ ತೆರಿಗೆಯ ಮುಗಿಯದ ಜಗಳ

ಅಮೆರಿಕದ ವ್ಯಾಪಾರಿಯೊಬ್ಬ ತನ್ನ ಗಿರಾಕಿಗೆ ಹಬ್ಬದ ಉಡುಗೊರೆ ಕೊಟ್ಟರೆ ವರ್ಷಕ್ಕೆ ಒಬ್ಬರ ಲೆಕ್ಕದಲ್ಲಿ 25 ಡಾಲರ್‌ವರೆಗೆ ಅದನ್ನು ಖರ್ಚೆಂದು ತೋರಿಸಿ ಆದಾಯದಿಂದ ಕಳೆದುಕೊಳ್ಳಬಹುದು. ಈ ಮಿತಿ ಕಾನೂನಾದದ್ದು 1962ರಲ್ಲಿ, ಕೆನಡಿ ಅಧ್ಯಕ್ಷರಾಗಿದ್ದಾಗ. ಅಂದಿನಿಂದ ಅದು ಒಂದು ಸೆಂಟೂ ಮೇಲೇರಿಲ್ಲ. ಅದೇ ಕಾನೂನಿನಲ್ಲಿ ಯಂತ್ರ, ವಾಹನ, ಕಂಪ್ಯೂಟರ್ ಕೊಂಡ ವರ್ಷವೇ ಅವುಗಳ ಪೂರ್ತಿ ಬೆಲೆಯನ್ನು ಕಳೆದುಕೊಳ್ಳುವ ಇನ್ನೊಂದು ಸೌಲಭ್ಯವಿದೆ. 2003ಕ್ಕೆ ಮೊದಲು 25,000 ಡಾಲರ್ ದಾಟದಿದ್ದ ಅದರ ಮಿತಿ 2025ರಲ್ಲಿ 25 ಲಕ್ಷ ಡಾಲರ್‌ಗೆ ಹೋಗಿ ನಿಂತಿತು. ಎರಡೂ ಮಿತಿಗಳೇ. ಒಂದನ್ನು ಕೇಳುವವರಿಲ್ಲ, ಇನ್ನೊಂದರ ಪರವಾಗಿ ವಾದಿಸುವವರಿಗೆ ವಾಷಿಂಗ್ಟನ್ನಿನಲ್ಲಿ ಕಚೇರಿಗಳೇ ಇವೆ.

ಅಮೆರಿಕದ ತೆರಿಗೆ ಎಂದಕೂಡಲೇ ನಮ್ಮ ಪತ್ರಿಕೆಗಳಲ್ಲಿ ಕಾಣುವುದು ದರದ ಸುದ್ದಿ. ಗರಿಷ್ಠ ದರ ಶೇ 37 ಸಾಕೋ, 39.6 ಬೇಕೋ ಎಂಬುದರ ಮೇಲೆ ಅಲ್ಲಿ ಚುನಾವಣೆಗಳೇ ನಡೆದಿವೆ. ಆದರೆ ಯಾರ ಜೇಬಿನಿಂದ ಎಷ್ಟು ಹೋಗುತ್ತದೆ ಎಂಬುದು ಬಹುಪಾಲು ತೀರ್ಮಾನವಾಗುವುದು ದರ ಹಾಕುವುದಕ್ಕೂ ಮುಂಚೆ: ಆದಾಯದಿಂದ ಏನೇನನ್ನು ಕಳೆಯಬಹುದು, ಆ ಕಳೆಯುವಿಕೆಗೆ ಎಲ್ಲಿ ಗೆರೆ ಎಳೆದಿದೆ ಎಂಬಲ್ಲಿ. ಈ ಎರಡು ಪ್ರಶ್ನೆಗಳ ಮೇಲಿನ ವಾದಕ್ಕೆ ಅಲ್ಲಿ ನೂರು ವರ್ಷ ಮೀರಿದ ಇತಿಹಾಸವಿದೆ.

ಇಂದಿನ ಲೆಕ್ಕ

2025ರ ಆದಾಯಕ್ಕೆ ಏಳು ದರಗಳು: ಶೇ 10, 12, 22, 24, 32, 35 ಮತ್ತು 37. ಒಂಟಿ ವ್ಯಕ್ತಿಗೆ ತೆರಿಗೆ ಬೀಳುವ ಆದಾಯದ ಮೊದಲ 11,925 ಡಾಲರ್‌ಗೆ ಶೇ 10, ಅಲ್ಲಿಂದ 48,475ರವರೆಗಿನ ಭಾಗಕ್ಕೆ ಶೇ 12, ಹೀಗೆ ಏರುತ್ತ 6,26,350 ದಾಟಿದ ಭಾಗಕ್ಕೆ ಮಾತ್ರ ಶೇ 37. ಮೇಲಿನ ಸ್ಲ್ಯಾಬಿಗೆ ಕಾಲಿಟ್ಟರೆ ಇಡೀ ಸಂಬಳಕ್ಕೇ ಹೆಚ್ಚಿನ ದರ ಬೀಳುತ್ತದೆಂಬ ಭಯ ನಮ್ಮಲ್ಲಿದ್ದಂತೆ ಅಲ್ಲೂ ಇದೆ. ಎರಡೂ ಕಡೆ ಅದಕ್ಕೆ ಆಧಾರವಿಲ್ಲ.

ದರ ಹಾಕುವ ಮೊದಲು ಎರಡು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಲೆಕ್ಕಪತ್ರ ಏನೂ ತೋರಿಸದೆ ಸ್ಟ್ಯಾಂಡರ್ಡ್ ಡಿಡಕ್ಷನ್ ಎಂದು 2025ರ ಆದಾಯದಿಂದ ಒಂಟಿ ವ್ಯಕ್ತಿ 15,750 ಡಾಲರ್, ಗಂಡ ಹೆಂಡತಿ ಜಂಟಿಯಾಗಿ 31,500 ಡಾಲರ್ ಕಳೆದುಕೊಳ್ಳಬಹುದು. ಇಲ್ಲವೇ ಮನೆ ಸಾಲದ ಬಡ್ಡಿ, ದಾನ, ರಾಜ್ಯ ಸರ್ಕಾರಕ್ಕೆ ಕಟ್ಟಿದ ತೆರಿಗೆ, ದೊಡ್ಡ ವೈದ್ಯಕೀಯ ಖರ್ಚು ಇವನ್ನೆಲ್ಲ ಒಂದೊಂದಾಗಿ ಪಟ್ಟಿ ಮಾಡಿ ಕಳೆಯಬಹುದು. 2017ರ ಕಾನೂನು ಮೊದಲನೆಯ ದಾರಿಯನ್ನು ಹೆಚ್ಚುಕಡಿಮೆ ಎರಡು ಪಟ್ಟು ಅಗಲ ಮಾಡಿದ್ದರಿಂದ, ಹತ್ತರಲ್ಲಿ ಮೂರು ಮಂದಿ ಪಟ್ಟಿ ಮಾಡುತ್ತಿದ್ದ ಜಾಗದಲ್ಲಿ ಈಗ ಸುಮಾರು ಒಬ್ಬರು ಮಾತ್ರ ಮಾಡುತ್ತಾರೆ. ಮನೆ ಸಾಲದ ಬಡ್ಡಿಗೆ ತೆರಿಗೆ ಉಳಿಯುತ್ತದೆ ಎಂದು ನಂಬಿ ಮನೆ ಕೊಂಡವರಲ್ಲಿ ಬಹಳಷ್ಟು ಜನ ಇಂದು ಆ ಕಡಿತವನ್ನು ಮುಟ್ಟುವುದೇ ಇಲ್ಲ.

ಸಣ್ಣ ವ್ಯಾಪಾರಿಯ ಲೆಕ್ಕ ಬೇರೆ. ಅವನಿಗೆ ಆದಾಯ ತೆರಿಗೆಯ ಜೊತೆಗೆ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಮತ್ತು ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್‌ಗಾಗಿ ಸ್ವಉದ್ಯೋಗ ತೆರಿಗೆ ಉಂಟು, ಒಟ್ಟು ಶೇ 15.3. ಸಂಬಳದವನಿಗಾದರೆ ಇದರಲ್ಲಿ ಅರ್ಧ ಮಾಲೀಕನ ಪಾಲು. ಇಲ್ಲಿ ಮಾಲೀಕನೂ ಅವನೇ, ಕೆಲಸಗಾರನೂ ಅವನೇ. ಮದುವೆಯಾಗದ ಬಡಗಿಯೊಬ್ಬ 2025ರಲ್ಲಿ ಖರ್ಚು ಕಳೆದು 40,000 ಡಾಲರ್ ಲಾಭ ಮಾಡಿದನೆಂದಿಟ್ಟುಕೊಳ್ಳಿ. ಸಿಗುವ ಕಡಿತಗಳನ್ನೆಲ್ಲ ಕಳೆದ ಮೇಲೆ ಅವನ ಆದಾಯ ತೆರಿಗೆ ಸುಮಾರು 1,820 ಡಾಲರ್. ಸ್ವಉದ್ಯೋಗ ತೆರಿಗೆ ಸುಮಾರು 5,650. ಇದಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಲಾಗೂ ಆಗುವುದಿಲ್ಲ. ಸಣ್ಣ ವ್ಯಾಪಾರಿಗಳ ಹೆಸರಿನಲ್ಲಿ ಆದಾಯ ತೆರಿಗೆ ದರ ಇಳಿಸುವ ರಾಜಕಾರಣಿಗಳು ಈ ಬಡಗಿಯ ದೊಡ್ಡ ಹೊರೆಯನ್ನು ಮುಟ್ಟಿಯೇ ಇರುವುದಿಲ್ಲ.

1861ರಿಂದ 2025ರವರೆಗೆ

ಅಂತರ್ಯುದ್ಧದ ಖರ್ಚಿಗಾಗಿ 1861ರಲ್ಲಿ ಮೊದಲ ಆದಾಯ ತೆರಿಗೆ ಬಂತು: 800 ಡಾಲರ್ ಮೀರಿದ ಆದಾಯಕ್ಕೆ ಶೇ 3. ಮರುವರ್ಷವೇ ಅದನ್ನು ಬದಲಿಸಿ ಎರಡು ದರ ಮಾಡಿದರು. ಯುದ್ಧ ಮುಗಿದ ಕೆಲವು ವರ್ಷಗಳಲ್ಲಿ, 1872ರಲ್ಲಿ, ಅದು ಹೋಯಿತು. 1894ರಲ್ಲಿ ಮತ್ತೆ ತಂದಾಗ ಸುಪ್ರೀಂ ಕೋರ್ಟು ಮುಂದಿನ ವರ್ಷವೇ ಐದಕ್ಕೆ ನಾಲ್ಕು ಮತಗಳಿಂದ ಅದನ್ನು ಹೊಡೆದುಹಾಕಿತು. ಕೊನೆಗೆ ಸಂವಿಧಾನವನ್ನೇ ತಿದ್ದಬೇಕಾಯಿತು. 1913ರ ಫೆಬ್ರವರಿಯಲ್ಲಿ 16ನೇ ತಿದ್ದುಪಡಿ ಒಪ್ಪಿಗೆ ಪಡೆಯಿತು, ಅಕ್ಟೋಬರಿನಲ್ಲಿ ಕಾನೂನು ಬಂತು.

ಆ ಕಾನೂನಿನ ಗರಿಷ್ಠ ದರ ಶೇ 7 ಮಾತ್ರ, ಅದೂ ಐದು ಲಕ್ಷ ಡಾಲರ್ ದಾಟಿದವರಿಗೆ. ಒಂಟಿ ವ್ಯಕ್ತಿಗೆ 3,000 ಡಾಲರ್‌ವರೆಗೆ ತೆರಿಗೆಯೇ ಇಲ್ಲವಾದ್ದರಿಂದ ಜನಸಂಖ್ಯೆಯಲ್ಲಿ ಅತಿ ಕಡಿಮೆ ಮಂದಿ ಇದರೊಳಗೆ ಬಂದರು. ಸಾಲದ ಬಡ್ಡಿ, ರಾಜ್ಯ ಹಾಗೂ ಸ್ಥಳೀಯ ತೆರಿಗೆ ಇವನ್ನು ಕಳೆಯುವ ಅವಕಾಶ ಮೊದಲ ದಿನದಿಂದಲೇ ಇತ್ತು. ಇವತ್ತು ಮನೆ ಸಾಲದ ಬಡ್ಡಿಯ ಕಡಿತವನ್ನು ‘ಸ್ವಂತ ಮನೆಯ ಕನಸಿಗೆ ಸರ್ಕಾರ ಕೊಟ್ಟ ಬೆಂಬಲ’ ಎಂದು ವರ್ಣಿಸುತ್ತಾರೆ. 1913ರಲ್ಲಿ ಅಂಥ ಉದ್ದೇಶದ ಸುಳಿವೂ ಇರಲಿಲ್ಲ. ಎಲ್ಲ ಬಡ್ಡಿಯನ್ನೂ ಬಿಟ್ಟಿದ್ದರು, ಅದರಲ್ಲಿ ಮನೆಯ ಬಡ್ಡಿಯೂ ಸೇರಿತ್ತು, ಅಷ್ಟೆ.

ಎರಡನೇ ಮಹಾಯುದ್ಧ ಎಲ್ಲವನ್ನೂ ಬದಲಿಸಿತು. ಸಿರಿವಂತರ ತೆರಿಗೆಯಾಗಿದ್ದದ್ದು ಜನಸಾಮಾನ್ಯರ ತೆರಿಗೆಯಾಯಿತು. 1943ರಲ್ಲಿ ಸಂಬಳದಿಂದಲೇ ತೆರಿಗೆ ಹಿಡಿಯುವ ಪದ್ಧತಿ ಬಂತು. ಆ ಯೋಜನೆಗೆ ಖಜಾನೆ ಇಲಾಖೆಯಲ್ಲಿ ದುಡಿದವರಲ್ಲಿ ಮುಂದೆ ಸಣ್ಣ ಸರ್ಕಾರದ ದೊಡ್ಡ ಪ್ರತಿಪಾದಕರಾದ ಮಿಲ್ಟನ್ ಫ್ರೀಡ್‌ಮನ್ ಕೂಡ ಒಬ್ಬರು. 1944ರಲ್ಲಿ ಗರಿಷ್ಠ ದರ ಶೇ 94 ಮುಟ್ಟಿತು. ಕೋಟ್ಯಂತರ ಹೊಸ ತೆರಿಗೆದಾರರು ರಸೀದಿ ಕೂಡಿಡುವ ತಾಪತ್ರಯ ತಪ್ಪಲೆಂದು ಅದೇ ವರ್ಷ ಸ್ಟ್ಯಾಂಡರ್ಡ್ ಡಿಡಕ್ಷನ್ ಹುಟ್ಟಿತು. ಆಗ ಅದು ಆದಾಯದ ಶೇ 10, ಮೇಲೊಂದು ಮಿತಿ.

1950ರ ದಶಕದಲ್ಲಿ ದರ ಶೇ 91ರ ಆಸುಪಾಸಿನಲ್ಲೇ ಇತ್ತು. ಅಷ್ಟು ಕಟ್ಟಿದವರು ಮಾತ್ರ ಬೆರಳೆಣಿಕೆಯಷ್ಟು, ಏಕೆಂದರೆ ಕಳೆಯುವ ದಾರಿಗಳು ಅಷ್ಟಿದ್ದವು. 1969ರ ಜನವರಿಯಲ್ಲಿ ಖಜಾನೆ ಕಾರ್ಯದರ್ಶಿ ಜೋಸೆಫ್ ಬಾರ್, ಎರಡು ಲಕ್ಷ ಡಾಲರ್‌ಗಿಂತ ಹೆಚ್ಚು ಆದಾಯವಿದ್ದೂ ಒಂದು ಡಾಲರೂ ಆದಾಯ ತೆರಿಗೆ ಕಟ್ಟದ 155 ಮಂದಿಯ ವಿಷಯವನ್ನು ಸಂಸತ್ತಿನ ಮುಂದಿಟ್ಟಾಗ ದೇಶವೇ ಸಿಡಿದೆದ್ದಿತು. ಉತ್ತರವಾಗಿ ಕಡಿತಗಳನ್ನು ತೆಗೆಯುವ ಬದಲು, ಕಡಿತ ಹೆಚ್ಚಾದವರಿಗೆ ಬೇರೊಂದು ಸಮಾನಾಂತರ ತೆರಿಗೆಯನ್ನು ಹೊಸೆದರು. ಅದರ ಕಥೆ ಮುಂದೆ ಬರುತ್ತದೆ.

1986 ಈ ಇತಿಹಾಸದ ನಡುಗಂಬ. ರಿಪಬ್ಲಿಕನ್ ಅಧ್ಯಕ್ಷ ರೇಗನ್, ಡೆಮಾಕ್ರಟಿಕ್ ಸೆನೆಟರ್ ಬಿಲ್ ಬ್ರಾಡ್ಲಿ, ಪ್ರತಿನಿಧಿ ಸಭೆಯಲ್ಲಿ ಷಿಕಾಗೊದ ರೋಸ್ಟೆನ್‌ಕೌಸ್ಕಿ, ಸೆನೆಟ್ಟಿನಲ್ಲಿ ಮೊದಲು ವಿರೋಧಿಸಿ ಆಮೇಲೆ ಮುಂದಾಳತ್ವ ವಹಿಸಿದ ಬಾಬ್ ಪ್ಯಾಕ್‌ವುಡ್ ಸೇರಿ ಗರಿಷ್ಠ ದರವನ್ನು ಶೇ 50ರಿಂದ 28ಕ್ಕೆ ಇಳಿಸಿದರು. ಬದಲಿಗೆ ಕ್ರೆಡಿಟ್ ಕಾರ್ಡ್ ಬಡ್ಡಿ, ರಾಜ್ಯದ ಮಾರಾಟ ತೆರಿಗೆ ಮುಂತಾದ ಹಲವು ಕಡಿತಗಳನ್ನು ಕಿತ್ತುಹಾಕಿದರು. ಸೆನೆಟ್ ಮೊದಲ ಸುತ್ತಿನಲ್ಲಿ 97ಕ್ಕೆ 3 ಮತಗಳಿಂದ ಒಪ್ಪಿತು. ಇಂದಿನ ವಾಷಿಂಗ್ಟನ್ ಬಲ್ಲವರಿಗೆ ಈ ಸಂಖ್ಯೆ ಪುರಾಣದಂತೆ ಕೇಳಿಸುತ್ತದೆ. ಮನೆ ಸಾಲದ ಬಡ್ಡಿಯ ಕಡಿತ ಮಾತ್ರ ಅಲ್ಲೂ ಉಳಿದುಕೊಂಡಿತು.

ಒಪ್ಪಂದ ಬಹುಕಾಲ ಬಾಳಲಿಲ್ಲ. ದರ 1990ರಲ್ಲಿ 31ಕ್ಕೆ, 1993ರಲ್ಲಿ 39.6ಕ್ಕೆ ಏರಿತು. ಹೋದ ಕಡಿತಗಳ ಜಾಗಕ್ಕೆ ಹೊಸವು ಬಂದವು. 2017ರ ಕಾನೂನು ಮತ್ತೆ ದರ ಇಳಿಸಿ, ಕುಟುಂಬದ ಪ್ರತಿಯೊಬ್ಬರಿಗೂ ಇದ್ದ 4,050 ಡಾಲರ್ ವಿನಾಯಿತಿಯನ್ನು ತೆಗೆದು, ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನು ಹಿಗ್ಗಿಸಿತು. ಅದರ ಬಹುಭಾಗ 2025ರ ಕೊನೆಗೆ ಮುಗಿಯಬೇಕಿತ್ತು. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನು ಅದನ್ನು ಕಾಯಂ ಮಾಡಿ, ಮೇಲಿನಿಂದ ಟಿಪ್ಸಿಗೆ, ಓವರ್‌ಟೈಮಿಗೆ, ಹಿರಿಯರಿಗೆ, ಅಮೆರಿಕದಲ್ಲೇ ತಯಾರಾದ ಹೊಸ ಕಾರಿನ ಸಾಲದ ಬಡ್ಡಿಗೆ ನಾಲ್ಕು ವರ್ಷದ ತಾತ್ಕಾಲಿಕ ಕಡಿತಗಳನ್ನು ಸೇರಿಸಿತು.

ಬುಡ ಅಗಲಿಸಿ, ದರ ಇಳಿಸಿ

ಏನನ್ನು ಕಳೆಯಬೇಕು ಎಂಬುದರ ಮೇಲೆ ನಾಲ್ಕು ಪಂಥಗಳಿವೆ. ಕಡಿತಗಳನ್ನು ತೆಗೆದು ದರ ಇಳಿಸಬೇಕೆನ್ನುವುದು ಮೊದಲನೆಯದು. ಅದರ ಮೂಲ 1921ರಲ್ಲಿ ಬರೆದ ಅರ್ಥಶಾಸ್ತ್ರಜ್ಞ ರಾಬರ್ಟ್ ಹೇಗ್ ಮತ್ತು 1938ರಲ್ಲಿ ಬರೆದ ಹೆನ್ರಿ ಸೈಮನ್ಸ್. ಒಬ್ಬ ವ್ಯಕ್ತಿ ವರ್ಷದಲ್ಲಿ ಅನುಭವಿಸಿದ್ದು ಮತ್ತು ಅವನ ಆಸ್ತಿಯಲ್ಲಿ ಹೆಚ್ಚಾದದ್ದು, ಇವೆರಡರ ಮೊತ್ತವೇ ಆದಾಯ. ಅದು ಸಂಬಳವಾಗಿ ಬಂದಿತೋ ಷೇರಿನ ಏರಿಕೆಯಾಗಿ ಬಂದಿತೋ ಎಂಬುದು ಮುಖ್ಯವಲ್ಲ. ಗಳಿಸುವುದಕ್ಕೆ ತಗಲಿದ ಖರ್ಚನ್ನು ಬಿಟ್ಟರೆ ಬೇರೇನನ್ನೂ ಕಳೆಯಬಾರದು. ಹಾಗೆ ಮಾಡಿದರೆ ಕಡಿಮೆ ದರದಲ್ಲೇ ಬೊಕ್ಕಸ ತುಂಬುತ್ತದೆ, ಸಮಾನ ಆದಾಯದವರು ಸಮಾನ ತೆರಿಗೆ ಕಟ್ಟುತ್ತಾರೆ. 1986ರ ಸುಧಾರಣೆಯ ಹಿಂದಿದ್ದದ್ದು ಈ ವಿಚಾರ.

ಸಮಾನರ ನಡುವೆ ಭೇದ ಹೇಗೆ ಹುಟ್ಟುತ್ತದೆ ಎಂಬುದನ್ನು ಈ ಪಂಥದಷ್ಟು ಚೆನ್ನಾಗಿ ಇನ್ನಾವುದೂ ತೋರಿಸುವುದಿಲ್ಲ. ನ್ಯೂಜೆರ್ಸಿಯ ಒಂದು ದೋಸೆ ಹೋಟೆಲನ್ನು ಊಹಿಸಿಕೊಳ್ಳಿ. ಒಳಗೆ ಕಾವಲಿಯ ಮುಂದೆ ನಿಂತ ಅಡುಗೆಯವರಿಗೆ ವರ್ಷಕ್ಕೆ 45,000 ಡಾಲರ್ ಸಂಬಳ. ಹೊರಗೆ ಬಡಿಸುವವರಿಗೆ 30,000 ಸಂಬಳ, 15,000 ಟಿಪ್ಸ್. ಇಬ್ಬರೂ ಮದುವೆಯಾಗದವರು. 2025ರ ಕಾನೂನಿನಂತೆ ಟಿಪ್ಸಿನಲ್ಲಿ 25,000 ಡಾಲರ್‌ವರೆಗೆ ಕಳೆಯಬಹುದಾದ್ದರಿಂದ ಬಡಿಸುವವರು ಅಡುಗೆಯವರಿಗಿಂತ 1,800 ಡಾಲರ್ ಕಡಿಮೆ ತೆರಿಗೆ ಕಟ್ಟುತ್ತಾರೆ. ಬಂದ ಹಣ ಒಂದೇ, ದುಡಿದ ಸೂರು ಒಂದೇ. ಬೆಂಕಿಯ ಮುಂದೆ ನಿಂತವರಿಗೆ ಮಾತ್ರ ಕಡಿತವಿಲ್ಲ. 2024ರಲ್ಲಿ ಟಿಪ್ಸಿಗೆ ತೆರಿಗೆಯಿಲ್ಲ ಎಂಬ ಟ್ರಂಪ್ ಭರವಸೆ ಮೊದಲು ಕೇಳಿಬಂದದ್ದು ಹೋಟೆಲು, ಕ್ಯಾಸಿನೊಗಳ ಲಾಸ್ ವೇಗಸ್ ನಗರದ ಚುನಾವಣಾ ಸಭೆಯಲ್ಲಿ ಎಂಬುದನ್ನು ನೆನೆದರೆ ಮಿಕ್ಕದ್ದನ್ನು ವಿವರಿಸಬೇಕಿಲ್ಲ.

ಇದೇ ಪಂಥದ ದುರ್ಬಲ ಜಾಗವೂ ಗೊತ್ತಿದ್ದದ್ದೇ. ಮಾರದ ಷೇರಿನ ಏರಿಕೆಗೆ ಪ್ರತಿವರ್ಷ ತೆರಿಗೆ ಹಾಕುವ ಧೈರ್ಯ ಅಮೆರಿಕದ ಯಾವ ಸರ್ಕಾರಕ್ಕೂ ಬಂದಿಲ್ಲ. ಸ್ವಂತ ಮನೆಯಲ್ಲಿರುವವನು ತನಗೆ ತಾನೇ ಉಳಿಸಿಕೊಂಡ ಬಾಡಿಗೆಯೂ ಸೈಮನ್ಸ್ ಪ್ರಕಾರ ಆದಾಯವೇ. ಅದನ್ನು ಓಟು ಕೇಳಲು ಹೋದವರ ಬಾಯಲ್ಲಿ ಹೇಳಿಸಿ ನೋಡಿ.

ಕಡಿತ ಎಂಬ ಮರೆಯ ಸಬ್ಸಿಡಿ

ಹಾರ್ವರ್ಡ್‌ನ ಪ್ರಾಧ್ಯಾಪಕ ಸ್ಟ್ಯಾನ್ಲಿ ಸರ್ರೆ 1961ರಿಂದ 1969ರವರೆಗೆ ಖಜಾನೆ ಇಲಾಖೆಯಲ್ಲಿ ತೆರಿಗೆ ನೀತಿಯ ಹೊಣೆ ಹೊತ್ತಿದ್ದರು. ಸರ್ಕಾರ ಹಣ ಕೊಟ್ಟರೂ ಒಂದೇ, ಬರಬೇಕಾದ ತೆರಿಗೆಯನ್ನು ಬಿಟ್ಟುಕೊಟ್ಟರೂ ಒಂದೇ, ಹಾಗಾದರೆ ಎರಡನೆಯದು ಬಜೆಟ್ಟಿನಲ್ಲಿ ಏಕೆ ಕಾಣುವುದಿಲ್ಲ ಎಂಬುದು ಅವರ ಪ್ರಶ್ನೆ. ಅವರ ಹಠದಿಂದಲೇ ಅಂಥ ಬಿಟ್ಟುಕೊಟ್ಟ ತೆರಿಗೆಗಳ ಮೊದಲ ಪಟ್ಟಿ ತಯಾರಾಯಿತು. 1974ರ ಬಜೆಟ್ ಕಾನೂನು ಅದನ್ನು ಕಡ್ಡಾಯಗೊಳಿಸಿತು. ಇಂದು ಖಜಾನೆ ಇಲಾಖೆಯ ಪಟ್ಟಿಯಲ್ಲಿ ನೂರೈವತ್ತಕ್ಕೂ ಹೆಚ್ಚು ಬಾಬ್ತುಗಳಿವೆ. ನಮ್ಮ ಕೇಂದ್ರ ಬಜೆಟ್ಟಿನ ಜೊತೆ ಬರುವ, ಬಿಟ್ಟುಕೊಟ್ಟ ವರಮಾನದ ವಿವರಪಟ್ಟಿಯೂ ಇದೇ ವಂಶದ್ದು.

ಸರ್ರೆ ಎತ್ತಿದ ಇನ್ನೊಂದು ಮಾತು ಇನ್ನೂ ಹರಿತ. ಕಡಿತದ ಸಬ್ಸಿಡಿ ತಲೆಕೆಳಗಾದದ್ದು. ಹತ್ತು ಸಾವಿರ ಡಾಲರ್ ಬಡ್ಡಿ ಕಳೆದರೆ ಶೇ 35ರ ಹಂತದವನಿಗೆ 3,500 ಡಾಲರ್ ಉಳಿಯುತ್ತದೆ, ಶೇ 12ರವನಿಗೆ 1,200, ಸ್ಟ್ಯಾಂಡರ್ಡ್ ಡಿಡಕ್ಷನ್ ಆರಿಸಿದವನಿಗೆ ಸೊನ್ನೆ. ಬಡವನಿಗೆ ಕಡಿಮೆ, ಸಿರಿವಂತನಿಗೆ ಹೆಚ್ಚು ಸಿಗುವಂಥ ವಸತಿ ಯೋಜನೆಯನ್ನು ಯಾವ ಶಾಸನಸಭೆಯಾದರೂ ನೇರವಾಗಿ ಒಪ್ಪುತ್ತಿತ್ತೆ? ಸ್ವಂತ ಮನೆಯವರ ಸಂಖ್ಯೆ ಈ ಕಡಿತದಿಂದ ಹೆಚ್ಚಿದೆ ಎನ್ನುವುದಕ್ಕೆ ಅರ್ಥಶಾಸ್ತ್ರಜ್ಞರಿಗೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಹೆಚ್ಚಿದ್ದು ಕೊಳ್ಳುವ ಮನೆಯ ಗಾತ್ರ ಮತ್ತು ಸಾಲ ಎಂಬುದು ಹಲವರ ನಿಲುವು. ಇಂಥ ಕಡಿತವೇ ಇಲ್ಲದ ಕೆನಡಾದಲ್ಲಿ ಸ್ವಂತ ಮನೆಯವರ ಪ್ರಮಾಣ ಅಮೆರಿಕಕ್ಕಿಂತ ಕಡಿಮೆಯೇನಿಲ್ಲ.

ಎಲ್ಲಕ್ಕಿಂತ ದೊಡ್ಡ ಬಾಬ್ತಿಗೆ ಕಡಿತವೆಂಬ ಹೆಸರೇ ಇಲ್ಲ. ಕಂಪನಿ ತನ್ನ ನೌಕರನಿಗೆ ಕಟ್ಟುವ ಆರೋಗ್ಯ ವಿಮೆಯ ಕಂತು ನೌಕರನ ಆದಾಯಕ್ಕೆ ಸೇರುವುದೇ ಇಲ್ಲ, ಅದಕ್ಕೆ ಮೇಲ್ಮಿತಿಯೂ ಇಲ್ಲ. ಯುದ್ಧಕಾಲದಲ್ಲಿ ಸಂಬಳ ಏರಿಸುವಂತಿಲ್ಲದ್ದರಿಂದ ಕಂಪನಿಗಳು ಕಂಡುಕೊಂಡ ಉಪಾಯ 1954ರಲ್ಲಿ ಕಾನೂನಿನ ಒಳಗೇ ಬಂದು ಕುಳಿತಿತು. 2010ರಲ್ಲಿ ಒಬಾಮ ಸರ್ಕಾರ ದುಬಾರಿ ವಿಮೆಗಳ ಮೇಲೆ ಶೇ 40ರ ಸುಂಕ ಹಾಕಿ ಪರೋಕ್ಷವಾಗಿ ಮಿತಿ ತರಲು ಹೊರಟಿತು. ಕಾರ್ಮಿಕ ಸಂಘಗಳೂ ಮಾಲೀಕರೂ ಒಂದೇ ದನಿಯಲ್ಲಿ ವಿರೋಧಿಸಿದರು. ಮತ್ತೆ ಮತ್ತೆ ಮುಂದೂಡಿ, ಒಂದು ದಿನವೂ ಜಾರಿಯಾಗದೆ 2019ರಲ್ಲಿ ಅದು ರದ್ದಾಯಿತು.

ಕಳೆಯದೆ ಅಳೆಯಲಾಗದು ಎನ್ನುವವರು

ಸರ್ರೆಯ ಸಹೋದ್ಯೋಗಿಗಳೇ ಅವರನ್ನು ಒಪ್ಪಲಿಲ್ಲ. ಹಾರ್ವರ್ಡ್‌ನ ವಿಲಿಯಂ ಆಂಡ್ರ್ಯೂಸ್ 1972ರಲ್ಲಿ ಬರೆದ ಲೇಖನದ ತಿರುಳು ಇದು: ಐವತ್ತು ಸಾವಿರ ದುಡಿದು ಇಪ್ಪತ್ತು ಸಾವಿರವನ್ನು ಆಸ್ಪತ್ರೆಗೆ ಸುರಿದವನೂ ಅಷ್ಟೇ ದುಡಿದ ಆರೋಗ್ಯವಂತನೂ ಸಮಾನರಲ್ಲ. ದಾನ ಕೊಟ್ಟ ಹಣವನ್ನು ಅನುಭವಿಸಿದವನು ಕೊಟ್ಟವನಲ್ಲ. ಇವನ್ನು ಕಳೆಯುವುದು ಸಬ್ಸಿಡಿ ಅಲ್ಲ, ಸರಿಯಾದ ಅಳತೆ. ಯೇಲ್‌ನ ಬೋರಿಸ್ ಬಿಟ್ಕರ್ 1967ರಲ್ಲೇ ಬೇರೆ ಕಡೆಯಿಂದ ಹೊಡೆದಿದ್ದರು. ಶುದ್ಧ ಆದಾಯ ಯಾವುದು ಎಂಬುದಕ್ಕೇ ಒಮ್ಮತವಿಲ್ಲದಾಗ ಯಾವುದು ರಿಯಾಯಿತಿ, ಯಾವುದು ಸಹಜ ಎಂದು ಪಟ್ಟಿ ಮಾಡುವುದು ಪಟ್ಟಿ ಮಾಡುವವನ ಇಷ್ಟಾನಿಷ್ಟದ ಮಾತಾಗುತ್ತದೆ.

ನನಗೆ ಈ ವಾದ ವೈದ್ಯಕೀಯ ಖರ್ಚಿನ ಮಟ್ಟಿಗೆ ಗಟ್ಟಿಯಾಗಿ, ದಾನದ ಮಟ್ಟಿಗೆ ಸ್ವಲ್ಪ ಸಡಿಲವಾಗಿ, ಮನೆ ಸಾಲದ ಮಟ್ಟಿಗೆ ಪೊಳ್ಳಾಗಿ ಕಾಣುತ್ತದೆ. ತಮಾಷೆಯೆಂದರೆ ಕಾನೂನು ಇದಕ್ಕೆ ಸರಿಯಾಗಿ ವಿರುದ್ಧ ಕ್ರಮದಲ್ಲಿ ಉದಾರವಾಗಿದೆ. ವೈದ್ಯಕೀಯ ಖರ್ಚು ಆದಾಯದ ಶೇ 7.5 ದಾಟಿದ ಮೇಲಷ್ಟೇ ಲೆಕ್ಕಕ್ಕೆ ಬರುತ್ತದೆ. ಮನೆ ಸಾಲದ ಬಡ್ಡಿಯಾದರೆ ಏಳೂವರೆ ಲಕ್ಷ ಡಾಲರ್ ಸಾಲದವರೆಗೆ ಮೊದಲ ಡಾಲರಿನಿಂದಲೇ ಬರುತ್ತದೆ.

ಆದಾಯ ಬಿಡಿ, ಖರ್ಚು ನೋಡಿ

ನಾಲ್ಕನೆಯವರು ಆಟದ ಅಂಗಳವನ್ನೇ ಬದಲಿಸಬೇಕೆನ್ನುತ್ತಾರೆ. ಸಮಾಜದ ಉಗ್ರಾಣದಿಂದ ತೆಗೆದುಕೊಂಡದ್ದಕ್ಕೆ ತೆರಿಗೆ ಹಾಕಬೇಕೇ ಹೊರತು ಅದಕ್ಕೆ ತುಂಬಿದ್ದಕ್ಕಲ್ಲ ಎಂಬುದು ಇವರ ನಿಲುವು. ಕೇಂಬ್ರಿಜ್‌ನ ನಿಕೊಲಸ್ ಕಾಲ್ಡೊರ್ 1955ರಲ್ಲಿ ಇದನ್ನು ವಿವರವಾಗಿ ಬರೆದರು. ಅದನ್ನು ಪ್ರಯೋಗಿಸಿ ನೋಡಿದ್ದು ಅಮೆರಿಕವಲ್ಲ, ಭಾರತ. ಟಿ.ಟಿ. ಕೃಷ್ಣಮಾಚಾರಿ ಹಣಕಾಸು ಸಚಿವರಾಗಿದ್ದಾಗ 1957ರಲ್ಲಿ ವೆಚ್ಚ ತೆರಿಗೆಯ ಕಾನೂನು ಬಂತು, 1962ರಲ್ಲಿ ಹೋಯಿತು, 1964ರಲ್ಲಿ ಮರಳಿತು, 1966ರಲ್ಲಿ ಮತ್ತೆ ಹೋಯಿತು. ಕಟ್ಟುವವರು ಕೆಲವೇ ಮಂದಿ, ವಸೂಲಿ ಅತ್ಯಲ್ಪ.

ಅಮೆರಿಕದಲ್ಲಿ ಇದೇ ವಿಚಾರ 1980ರ ದಶಕದಲ್ಲಿ ಹಾಲ್ ಮತ್ತು ರಬುಷ್ಕ ಅವರ ಒಂದೇ ದರದ ತೆರಿಗೆಯಾಗಿ, 1996ರಲ್ಲಿ ಅಧ್ಯಕ್ಷ ಸ್ಥಾನದ ಆಕಾಂಕ್ಷಿ ಸ್ಟೀವ್ ಫೋರ್ಬ್ಸ್ ಅವರ ಶೇ 17ರ ಘೋಷಣೆಯಾಗಿ ಬಂದು ಸೋತಿತು. ಆದರೆ ಹಿಂಬಾಗಿಲಿನಿಂದ ಒಳಗೆ ನುಗ್ಗಿದೆ. ನಿವೃತ್ತಿಗಾಗಿ 401(ಕೆ) ಖಾತೆಗೆ 2025ರಲ್ಲಿ 23,500 ಡಾಲರ್‌ವರೆಗೆ ಹಾಕಿದ ಹಣಕ್ಕೆ ಅಂದು ಆದಾಯ ತೆರಿಗೆಯಿಲ್ಲ, ತೆಗೆದು ಖರ್ಚು ಮಾಡುವಾಗ ಉಂಟು. ಮಧ್ಯಮ ವರ್ಗದ ಎಷ್ಟೋ ಕುಟುಂಬಗಳ ಮಟ್ಟಿಗೆ ಅಮೆರಿಕದ ಆದಾಯ ತೆರಿಗೆ ಆಗಲೇ ಅರ್ಧ ವೆಚ್ಚ ತೆರಿಗೆಯಾಗಿದೆ.

ರಾಜ್ಯದ ತೆರಿಗೆ: ಒಂದು ಕಡಿತ, ನಲವತ್ತು ವರ್ಷದ ಕದನ

ರಾಜ್ಯಕ್ಕೆ ಮತ್ತು ಊರಿಗೆ ಕಟ್ಟಿದ ತೆರಿಗೆಯನ್ನು ಫೆಡರಲ್ ಲೆಕ್ಕದಲ್ಲಿ ಕಳೆಯಬಹುದೇ? ತೆರಿಗೆಯ ಮೇಲೆ ತೆರಿಗೆ ಅನ್ಯಾಯ, ರಾಜ್ಯಗಳು ಶಾಲೆ ಆಸ್ಪತ್ರೆಗೆ ಹಣ ಎತ್ತುವ ಶಕ್ತಿ ಕುಗ್ಗುತ್ತದೆ ಎಂದು ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದವರು. ನಿಮ್ಮ ದುಬಾರಿ ಸರ್ಕಾರದ ಖರ್ಚನ್ನು ನಾವೇಕೆ ಹೊರಬೇಕು ಎಂದು ರಾಜ್ಯ ಆದಾಯ ತೆರಿಗೆಯೇ ಇಲ್ಲದ ಟೆಕ್ಸಾಸ್, ಫ್ಲಾರಿಡಾದವರು. 1986ರಲ್ಲಿ ರೇಗನ್ ಇದನ್ನು ಪೂರ್ತಿ ತೆಗೆಯಲು ಹೊರಟಾಗ ನ್ಯೂಯಾರ್ಕಿನ ಸೆನೆಟರ್ ಮೊಯ್ನಿಹನ್ ಅಡ್ಡ ನಿಂತು ಬಹುಪಾಲನ್ನು ಉಳಿಸಿಕೊಂಡರು. 2017ರಲ್ಲಿ 10,000 ಡಾಲರ್ ಮಿತಿ ಬಿತ್ತು. ಒಂಟಿ ವ್ಯಕ್ತಿಗೂ ಅಷ್ಟೇ, ದಂಪತಿಗೂ ಅಷ್ಟೇ. 2025ರಲ್ಲಿ ಅದನ್ನು 40,000ಕ್ಕೆ ಏರಿಸಿದರು, 2030ಕ್ಕೆ ಮತ್ತೆ 10,000ಕ್ಕೆ ಇಳಿಯುತ್ತದೆ.

ಇದರ ಒಳಗೊಂದು ಕೊಕ್ಕೆ ಇದೆ. 2025ರ ಲೆಕ್ಕದಲ್ಲಿ ಆದಾಯ ಐದು ಲಕ್ಷ ದಾಟಿದರೆ ದಾಟಿದ ಪ್ರತಿ ಡಾಲರ್‌ಗೆ ಈ ಮಿತಿ 30 ಸೆಂಟ್ ಕುಗ್ಗುತ್ತ, ಆರು ಲಕ್ಷಕ್ಕೆ ಬರುವಷ್ಟರಲ್ಲಿ 10,000ಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಆ ಮಧ್ಯದ ಪಟ್ಟಿಯಲ್ಲಿ ಶೇ 35ರ ಹಂತದವರು ಹೆಚ್ಚುವರಿ ಡಾಲರ್ ದುಡಿದರೆ ನಿಜವಾಗಿ ಬೀಳುವುದು ಶೇ 45.5. ಇಂಥ ದರ ಕಾನೂನಿನ ಯಾವ ಪಟ್ಟಿಯಲ್ಲೂ ಅಚ್ಚಾಗಿಲ್ಲ. ಕೋಟಿ ದುಡಿಯುವವನ ದರಕ್ಕಿಂತ ಇದು ಹೆಚ್ಚು. ಇಬ್ಬರೂ ಸಾಫ್ಟ್‌ವೇರಿನಲ್ಲಿರುವ, ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡ ದಂಪತಿಗಳಲ್ಲಿ ಕೆಲವರು ಬೀಳುವುದು ಸರಿಯಾಗಿ ಈ ಗುಂಡಿಗೆ.

ಪಾಲುದಾರಿಕೆ ಸಂಸ್ಥೆಗಳವರಿಗೆ ಮಾತ್ರ ಮಿತಿ ಹೆಚ್ಚು ಬಾಧಿಸಲಿಲ್ಲ. ಮಾಲೀಕನ ಬದಲು ಸಂಸ್ಥೆಯೇ ರಾಜ್ಯಕ್ಕೆ ತೆರಿಗೆ ಕಟ್ಟುವ ವ್ಯವಸ್ಥೆಯನ್ನು 2018ರಲ್ಲಿ ಕನೆಕ್ಟಿಕಟ್ ತಂದಿತು, 2020ರಲ್ಲಿ ಫೆಡರಲ್ ತೆರಿಗೆ ಇಲಾಖೆ ಒಪ್ಪಿಗೆ ಸೂಚಿಸಿತು, ಈಗ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಅದಿದೆ. ಅದೇ ಬೀದಿಯ ಸಂಬಳದ ನರ್ಸ್‌ಗೆ ಆ ದಾರಿ ಇಲ್ಲ.

ಸಣ್ಣ ವ್ಯಾಪಾರ ಎಂದರೆ ಯಾರು?

1958ರಲ್ಲಿ ಐಸೆನ್‌ಹೋವರ್ ಕಾಲದಲ್ಲಿ ಸಣ್ಣವರ ಹೆಸರಿನಲ್ಲಿ ಎರಡು ಸೌಲಭ್ಯ ಬಂದವು. ಒಂದು, ಕಂಪನಿಯಾಗಿದ್ದೂ ಲಾಭದ ಮೇಲಿನ ತೆರಿಗೆಯನ್ನು ಮಾಲೀಕರೇ ತಮ್ಮ ರಿಟರ್ನಿನಲ್ಲಿ ಕಟ್ಟುವ ಎಸ್ ಕಾರ್ಪೊರೇಷನ್. ಇನ್ನೊಂದು, ಕೊಂಡ ಸಲಕರಣೆಗೆ ಮೊದಲ ವರ್ಷವೇ ಹೆಚ್ಚಿನ ಕಡಿತ, ಅಂದರೆ ಈ ಲೇಖನದ ಮೊದಲಲ್ಲಿ ಹೇಳಿದ 25 ಲಕ್ಷದ ಸೌಲಭ್ಯದ ಮೂಲ. 1986ರಲ್ಲಿ ವ್ಯಕ್ತಿಗಳ ಗರಿಷ್ಠ ದರ ಕಂಪನಿಗಳ ದರಕ್ಕಿಂತ ಕೆಳಗಿಳಿದದ್ದೇ ವ್ಯಾಪಾರಗಳು ಸಾಲುಸಾಲಾಗಿ ಈ ರೂಪಕ್ಕೆ ಬದಲಾದವು. ಇಂದು ಅಮೆರಿಕದ ವ್ಯಾಪಾರಗಳಲ್ಲಿ ಶೇ 90ಕ್ಕೂ ಹೆಚ್ಚು ಹೀಗೆ ಮಾಲೀಕರ ಮೂಲಕವೇ ತೆರಿಗೆ ಕಟ್ಟುವಂಥವು. ಅದರಲ್ಲಿ ಕ್ಷೌರಿಕನೂ ಇದ್ದಾನೆ, ನೂರಾರು ಕೋಟಿಯ ಹೂಡಿಕೆ ಸಂಸ್ಥೆಯೂ ಇದೆ.

2017ರಲ್ಲಿ ಕಂಪನಿಗಳ ದರ ಶೇ 35ರಿಂದ 21ಕ್ಕೆ ಇಳಿದಾಗ ಇವರಿಗೂ ಏನಾದರೂ ಬೇಕೆಂದು, ಲಾಭದ ಶೇ 20ನ್ನು ಕಳೆಯುವ ಅವಕಾಶ ಕೊಟ್ಟರು. ಆದಾಯ ಒಂದು ಮಟ್ಟ ದಾಟಿದ ವೈದ್ಯ, ವಕೀಲ, ಲೆಕ್ಕಪರಿಶೋಧಕ, ಸಲಹೆಗಾರರಿಗೆ ಇದು ಇಲ್ಲ. ಎಂಜಿನಿಯರ್ ಮತ್ತು ವಾಸ್ತುಶಿಲ್ಪಿಗೆ ಉಂಟು. ಹಾಗಾದರೆ ಸ್ವಂತ ಕಂಪನಿ ಇಟ್ಟುಕೊಂಡು ಸಾಫ್ಟ್‌ವೇರ್ ಬರೆದುಕೊಡುವವರು ಸಲಹೆಗಾರರೋ ಎಂಜಿನಿಯರೋ? ಎಷ್ಟೋ ಕನ್ನಡಿಗರ ಸಾವಿರಾರು ಡಾಲರ್ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಇಂಥ ಸೌಲಭ್ಯಗಳ ಸಮರ್ಥಕರ ಕೈಯಲ್ಲೂ ಪುರಾವೆ ಇದೆ. ಸಲಕರಣೆಯ ಬೆಲೆಯನ್ನು ಬೇಗ ಕಳೆಯಲು ಬಿಟ್ಟಾಗ ಹೂಡಿಕೆ ಹೆಚ್ಚುತ್ತದೆ, ಅದರಲ್ಲೂ ಸಣ್ಣ ಸಂಸ್ಥೆಗಳು ದೊಡ್ಡವಕ್ಕಿಂತ ಹೆಚ್ಚು ಸ್ಪಂದಿಸುತ್ತವೆ ಎಂದು ಅರ್ಥಶಾಸ್ತ್ರಜ್ಞರಾದ ಎರಿಕ್ ಝ್ವಿಕ್ ಮತ್ತು ಜೇಮ್ಸ್ ಮಾಹನ್ 2017ರಲ್ಲಿ ತೋರಿಸಿದರು. ಆದರೆ ಬಾಗಿಲು ತೆರೆದರೆ ಬೇಡದವರೂ ಬರುತ್ತಾರೆ. 2003ರಲ್ಲಿ ಮಿತಿ ಒಂದು ಲಕ್ಷಕ್ಕೇರಿದಾಗ 6,000 ಪೌಂಡ್ ಮೀರಿದ ವಾಹನಗಳು ‘ಕೆಲಸದ ಗಾಡಿ’ ಎಂಬ ಲೆಕ್ಕಕ್ಕೆ ಬರುತ್ತಿದ್ದವು. ಹೊಲಕ್ಕೆ ಕಾಲಿಡದ ವೃತ್ತಿಪರರು ಹಮ್ಮರ್ ಎಂಬ ದೈತ್ಯ ಕಾರು ಕೊಂಡು ಬೆಲೆಯನ್ನೆಲ್ಲ ಕಳೆದುಕೊಂಡರು. ನಗೆಪಾಟಲಾದ ಮೇಲೆ, 2004ರಲ್ಲಿ, ಅಂಥ ವಾಹನಕ್ಕೆ 25,000ದ ಮಿತಿ ಬಂತು. 2025ರಲ್ಲಿ ಬೇರೊಂದು ನಿಯಮದಡಿ ಪೂರ್ತಿ ಬೆಲೆಯ ಕಡಿತ ಕಾಯಮ್ಮಾಗಿ ಮರಳಿರುವುದರಿಂದ ಆ ಮಿತಿ ಈಗ ಹೆಸರಿಗಷ್ಟೆ.

ಲಾಭದ ಮೇಲಿನ ತೆರಿಗೆ ಬಿಟ್ಟರೆ ಉದ್ಯೋಗ ಹೆಚ್ಚುತ್ತದೆಂಬ ವಾದಕ್ಕೆ ಒಂದು ರಾಜ್ಯಮಟ್ಟದ ಪರೀಕ್ಷೆಯೂ ನಡೆದಿದೆ. ಕ್ಯಾನ್ಸಸ್ 2012ರಲ್ಲಿ ಮಾಲೀಕರ ಮೂಲಕ ತೆರಿಗೆ ಕಟ್ಟುವ ವ್ಯಾಪಾರಗಳ ಲಾಭಕ್ಕೆ ರಾಜ್ಯ ಆದಾಯ ತೆರಿಗೆಯನ್ನೇ ತೆಗೆದುಹಾಕಿತು. ನಿರೀಕ್ಷಿಸಿದ ಬೆಳವಣಿಗೆ ಬರಲಿಲ್ಲ, ಬೊಕ್ಕಸ ಬರಿದಾಯಿತು. 2017ರಲ್ಲಿ ರಿಪಬ್ಲಿಕನ್ನರೇ ಹೆಚ್ಚಿದ್ದ ಶಾಸನಸಭೆ ತಮ್ಮದೇ ಪಕ್ಷದ ಗವರ್ನರ್ ಬ್ರೌನ್‌ಬ್ಯಾಕ್ ಅವರ ವೀಟೋ ಮೀರಿ ಅದನ್ನು ರದ್ದು ಮಾಡಿತು.

ಏರುವ ಮಿತಿ, ಏರದ ಮಿತಿ

1985ರಿಂದ ತೆರಿಗೆಯ ಸ್ಲ್ಯಾಬುಗಳು ಬೆಲೆಯೇರಿಕೆಯ ಜೊತೆ ತಾವೇ ಏರುತ್ತವೆ. 2026ಕ್ಕೆ ಒಂಟಿ ವ್ಯಕ್ತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 16,100 ಆದದ್ದು ಹಾಗೆ. ಆದರೆ ಎಲ್ಲ ಸಂಖ್ಯೆಗಳಿಗೂ ಈ ಭಾಗ್ಯವಿಲ್ಲ. ಷೇರಿನಲ್ಲಿ ಕಳೆದುಕೊಂಡವರು ಇತರ ಆದಾಯದಿಂದ ವರ್ಷಕ್ಕೆ ಕಳೆಯಬಹುದಾದ ನಷ್ಟ 1978ರಿಂದಲೂ 3,000 ಡಾಲರ್. ಸೋಷಿಯಲ್ ಸೆಕ್ಯುರಿಟಿ ಪಿಂಚಣಿಗೆ ತೆರಿಗೆ ಶುರುವಾಗುವ ಒಂಟಿ ವ್ಯಕ್ತಿಯ 25,000ದ ಗೆರೆ 1984ರದ್ದು. ಮನೆ ಮಾರಿದ ಲಾಭಕ್ಕೆ ಒಬ್ಬರಿಗಿರುವ ಎರಡೂವರೆ ಲಕ್ಷದ ವಿನಾಯಿತಿ 1997ರದ್ದು.

1969ರ 155 ಸಿರಿವಂತರಿಗಾಗಿ ಹೊಸೆದ ಸಮಾನಾಂತರ ತೆರಿಗೆಗೂ ಇದೇ ಆಯಿತು. ಅದರ ಮಿತಿಯನ್ನು ಬೆಲೆಯೇರಿಕೆಗೆ ಕಟ್ಟಿರಲಿಲ್ಲ. ವರ್ಷಗಳು ಉರುಳಿದಂತೆ ಮಕ್ಕಳಿರುವ ಮಧ್ಯಮ ವರ್ಗದ ಮನೆಗಳಿಗೇ ಅದು ತಾಗತೊಡಗಿತು. ಪ್ರತಿವರ್ಷ ಸಂಸತ್ತು ಕೊನೆಗಳಿಗೆಯಲ್ಲಿ ತೇಪೆ ಹಾಕುತ್ತಿತ್ತು. ಕಾಯಂ ಪರಿಹಾರ ಬಂದದ್ದು 2013ರ ಜನವರಿಯಲ್ಲಿ. ಒಂದು ಸಂಖ್ಯೆಯನ್ನು ತಿದ್ದಲು ನಲವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ನನ್ನ ದೃಷ್ಟಿಯಲ್ಲಿ ಏರದ ಮಿತಿ ಎಂಬುದು ಮತಕ್ಕೆ ಹಾಕದೆಯೇ ಹೆಚ್ಚಿಸುವ ತೆರಿಗೆ. ಅದಕ್ಕೆ ಯಾವ ಪಕ್ಷವೂ ಹೊಣೆ ಹೊರಬೇಕಿಲ್ಲ, ಬರುವ ಹಣವನ್ನು ಮಾತ್ರ ಎರಡೂ ಪಕ್ಷಗಳು ಖರ್ಚು ಮಾಡುತ್ತವೆ.

ಗಡಿ ದಾಟಿದ ಲೆಕ್ಕ

ಭಾರತೀಯರಿಗೆ ಈ ವ್ಯವಸ್ಥೆಯಲ್ಲಿ ಒಂದು ವಿಚಿತ್ರ ಅನುಕೂಲವಿದೆ. ತೆರಿಗೆಯ ಲೆಕ್ಕದಲ್ಲಿ ಅನಿವಾಸಿಯಾದವರಿಗೆ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದಿಲ್ಲ. 1989ರಲ್ಲಿ ಸಹಿಯಾದ ಭಾರತ ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ಭಾರತದಿಂದ ಹೋದ ವಿದ್ಯಾರ್ಥಿಗೆ ಸಿಗುತ್ತದೆ. ಪಕ್ಕದ ಮೇಜಿನ ಚೀನೀ ವಿದ್ಯಾರ್ಥಿಗೆ ಇಲ್ಲ, ಅವನಿಗೆ ಬೇರೆ ಒಪ್ಪಂದದಲ್ಲಿ 5,000 ಡಾಲರ್ ವಿನಾಯಿತಿ ಇದೆ. ಅದೇ ವಿದ್ಯಾರ್ಥಿ ಮುಂದೆ ಎಚ್‌-1ಬಿ ಪಡೆದು, ಭಾರತದಲ್ಲಿ ಹುಟ್ಟಿದ ಮಗುವನ್ನು ಕರೆಸಿಕೊಂಡರೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದ ಆ ಮಗುವಿಗೆ 2,200 ಡಾಲರಿನ ಮಕ್ಕಳ ರಿಯಾಯಿತಿ ಸಿಗದು, 500 ಮಾತ್ರ. ಅಲ್ಲೇ ಹುಟ್ಟಿದ ತಂಗಿಗೆ ಪೂರ್ತಿ ಸಿಗುತ್ತದೆ. ಇಲ್ಲಿ ತೆರಿಗೆರಹಿತವಾದ ಪಿಪಿಎಫ್ ಬಡ್ಡಿಯೂ ಅಲ್ಲಿ ಆದಾಯ. ಸರಿಯಾದ ಅಳತೆ ಯಾವುದು ಎಂಬ ಆಂಡ್ರ್ಯೂಸ್ ಪ್ರಶ್ನೆಗೆ ಎರಡು ದೇಶಗಳು ಒಂದೇ ಕುಟುಂಬದ ವಿಷಯದಲ್ಲಿ ಎರಡು ಉತ್ತರ ಕೊಡುತ್ತವೆ.

ಭಾರತ 2020ರಲ್ಲಿ ಕಡಿಮೆ ದರ, ಕಡಿಮೆ ಕಡಿತದ ಹೊಸ ಪದ್ಧತಿಯನ್ನು ಹಳೆಯದರ ಪಕ್ಕದಲ್ಲಿಟ್ಟು ಆಯ್ಕೆಯನ್ನು ತೆರಿಗೆದಾರರಿಗೇ ಬಿಟ್ಟಿತು, 2023ರಲ್ಲಿ ಹೊಸದನ್ನೇ ಸಹಜ ಆಯ್ಕೆ ಮಾಡಿತು. ಹಿಗ್ಗಿದ ಸ್ಟ್ಯಾಂಡರ್ಡ್ ಡಿಡಕ್ಷನ್ ಮೂಲಕ ಅಮೆರಿಕ ಮಾಡಿದ್ದೂ ಹೆಚ್ಚುಕಡಿಮೆ ಅದೇ: ಕಡಿತಗಳನ್ನು ಕೊಲ್ಲದೆ, ಬೇಕಿಲ್ಲದವುಗಳನ್ನಾಗಿ ಮಾಡುವುದು.

ಇನ್ನೂ ಇತ್ಯರ್ಥವಾಗದ್ದು

ಲಾಭದ ಮೇಲಿನ ಶೇ 20ರ ಕಡಿತ ಸಣ್ಣ ವ್ಯಾಪಾರದ ಹೂಡಿಕೆ ಅಥವಾ ಉದ್ಯೋಗವನ್ನು ಹೆಚ್ಚಿಸಿತೇ? ತೆರಿಗೆ ದಾಖಲೆಗಳನ್ನಿಟ್ಟುಕೊಂಡು ನಡೆದ ಮೊದಲ ವರ್ಷಗಳ ಅಧ್ಯಯನದಲ್ಲಿ ಹೆಚ್ಚಿನ ಪರಿಣಾಮ ಕಾಣಲಿಲ್ಲ. ಸಮರ್ಥಕರು ಅದು ಆಗ ತಾತ್ಕಾಲಿಕವಾಗಿತ್ತು, ಕಾಯಂ ಆದ ಮೇಲೆ ನೋಡಿ ಎನ್ನುತ್ತಾರೆ. ಇದಕ್ಕೆ ಉತ್ತರ ಸಿಗಲು ಈ ದಶಕ ಕಳೆಯಬೇಕು. ಪಟ್ಟಿ ಮಾಡುವವರು ಕಡಿಮೆಯಾದದ್ದರಿಂದ ದಾನ ಎಷ್ಟು ಕುಗ್ಗಿತು ಎಂಬುದರ ಮೇಲೂ ಜಗಳವಿದೆ. ಪಟ್ಟಿ ಮಾಡದವರಿಗೂ 2026ರಿಂದ 1,000 ಡಾಲರ್‌ವರೆಗೆ, ದಂಪತಿಗಾದರೆ 2,000ದವರೆಗೆ, ದಾನವನ್ನು ಕಳೆಯಲು ಬಿಟ್ಟಿರುವುದು ಆ ಜಗಳವನ್ನು ಇನ್ನಷ್ಟು ಗೋಜಲು ಮಾಡುತ್ತದೆ.

ಸರಳತೆಯ ಪ್ರಶ್ನೆಯೂ ಹಾಗೇ ಉಳಿದಿದೆ. ಸರ್ಕಾರವೇ ಉಚಿತವಾಗಿ ರಿಟರ್ನ್ ಸಲ್ಲಿಸಿಕೊಳ್ಳುವ ಡೈರೆಕ್ಟ್ ಫೈಲ್ ವ್ಯವಸ್ಥೆ 2024ರಲ್ಲಿ 12 ರಾಜ್ಯಗಳಲ್ಲಿ, 2025ರಲ್ಲಿ 25 ರಾಜ್ಯಗಳಲ್ಲಿ ನಡೆದು 2026ಕ್ಕೆ ನಿಂತುಹೋಯಿತು. ಟಿಪ್ಸ್, ಓವರ್‌ಟೈಮ್, ಹಿರಿಯರ ಕಡಿತಗಳು 2028ರ ಕೊನೆಗೆ ಮುಗಿಯಬೇಕು. ಅದು ಅಧ್ಯಕ್ಷೀಯ ಚುನಾವಣೆಯ ವರ್ಷ. 1986ರಂತೆ ಎರಡೂ ಪಕ್ಷಗಳು ಕೂತು ಕಡಿತಗಳನ್ನು ಕೀಳುವ ಸಂದರ್ಭ ಮತ್ತೆ ಬರಬಹುದೇ ಎಂದು ಕೇಳಿದರೆ ಅರ್ಥಶಾಸ್ತ್ರಜ್ಞರು ಬರಬೇಕು ಎನ್ನುತ್ತಾರೆ, ರಾಜಕೀಯ ಬಲ್ಲವರು ತಲೆ ಅಲ್ಲಾಡಿಸುತ್ತಾರೆ. ಸ್ವಉದ್ಯೋಗ ತೆರಿಗೆಯ ಮೊದಲ ಕೆಲವು ಸಾವಿರ ಡಾಲರ್‌ಗಾದರೂ ಬಡಗಿಗೆ ವಿನಾಯಿತಿ ಕೊಡಬೇಕೇ, ಕೊಟ್ಟರೆ ಅವನ ಮುಂದಿನ ಪಿಂಚಣಿಯ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯಂತೂ ಇಷ್ಟೂ ಪಂಥಗಳ ನಡುವೆ ಬಹುಮಟ್ಟಿಗೆ ಅನಾಥವಾಗಿ ನಿಂತಿದೆ.